ಬಾಡಿಗೆಗೆ ಹೋದ ನನ್ನ ಗದ್ದ

ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ನನ್ನ ಮೇಜಿನ ಮೇಲೆ ಒಂದು ಕಲ್ಲು ಇಟ್ಟುಕೊಂಡಿದ್ದೇನೆ. ಮುಷ್ಟಿಯಷ್ಟು ದಪ್ಪ, ಬೂದು ಬಣ್ಣ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಂಡಗೆ, ನಡುವೆ ಸಣ್ಣದೊಂದು ಕುಳಿ. ಮನೆಗೆ ಬಂದವರು ಯಾರೂ ಅದನ್ನು ಎತ್ತಿ ನೋಡದೆ ಹೋಗುವುದಿಲ್ಲ. ಆಲೂಗಡ್ಡೆ ಅಂದವರಿದ್ದಾರೆ. ಎದುರುಮನೆಯಾಕೆ, ಪಾಪ, ದೈವಭಕ್ತೆ, ಸಾಲಿಗ್ರಾಮ ಎಂದುಕೊಂಡು ಕಣ್ಣಿಗೊತ್ತಿಕೊಂಡೇಬಿಟ್ಟರು. ಅದು ನನ್ನ ಗದ್ದ ಎಂದು ಆಮೇಲೆ ಹೇಗೆ ಹೇಳಲಿ?

ಹೌದು, ನನ್ನದೇ. ಕಣ್ಣು, ಮೂಗು, ಬಾಯಿ ಏನೂ ಇಲ್ಲದ ಬರೀ ಗದ್ದ. ರಾಜಮಹಾರಾಜರಿಗೆ ಆಳೆತ್ತರದ ಮೂರ್ತಿ, ಮುಖಂಡರಿಗೆ ಎದೆಮಟ್ಟದ ಮೂರ್ತಿ, ವರ್ತೂರಿನ ಖಾಸಗಿ ಶಾಲೆಯ ಕನ್ನಡ ಮೇಡಂಗೆ ಗದ್ದದ ಮೂರ್ತಿ. ಯೋಗ್ಯತೆಗೆ ತಕ್ಕ ಹಾಗೆ ಸಿಕ್ಕಿದೆ. ಇದು ಸಿಕ್ಕಿದ್ದು ಮಾಲೂರಿನ ಆಚೆಗಿರುವ ಶಿವಾರಪಟ್ಟಣದಲ್ಲಿ. ಊರ ತುಂಬ ಕಲ್ಲು ಕೆತ್ತುವವರೇ ಇರುವ ಪುಟ್ಟ ಊರು ಅದು. ಜನ ಅಲ್ಲಿಗೆ ಗಣಪತಿ ಬೇಕೆಂದೋ ನಂದಿ ಬೇಕೆಂದೋ ಹೋಗುತ್ತಾರೆ. ನಾವೊಂದಿಷ್ಟು ಜನ ಒಂದು ಭಾನುವಾರ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗಿದ್ದು, ತೀರಿಹೋದ ಒಬ್ಬ ಮನುಷ್ಯನ ಮುಖ ಮಾಡಿಸಿಕೊಂಡು ಬರುವುದಕ್ಕೆ.

ಅದಕ್ಕೆ ಮೊದಲು ನನ್ನ ಗದ್ದದ ಪೂರ್ವಕಥೆ ಹೇಳಿಬಿಡುತ್ತೇನೆ. ಅದರ ವಿಷಯದಲ್ಲಿ ನನಗೆ ಯಾವ ಭ್ರಮೆಯೂ ಇಲ್ಲ. ಗದಗಿನ ಕಡೆಯ ನಮ್ಮ ಊರಿನಲ್ಲಿ, ನಾನು ಹೊಸ್ತಿಲು ದಾಟುವ ಮೊದಲು ನನ್ನ ಗದ್ದ ದಾಟಿರುತ್ತದೆ ಎಂದು ಸೋದರತ್ತೆ ಹೇಳುತ್ತಿದ್ದಳು. ಏಳನೆಯ ತರಗತಿಯ ಗ್ರೂಪ್ ಫೋಟೊ ತೆಗೆಯಲು ಬಂದವನು ಎಲ್ಲರೆದುರು, "ತಂಗಿ, ಗದ್ದ ಸ್ವಲ್ಪ ಒಳಗ ತೊಗೊ" ಅಂದ. ನಾನು ಉಸಿರು ಬಿಗಿಹಿಡಿದು ಒಳಗೆಳೆದುಕೊಂಡೆ. ಗದ್ದ ಅಲ್ಲಿಯೇ ಇತ್ತು, ಮುಖ ಮಾತ್ರ ಹೊಟ್ಟೆನೋವು ಬಂದವಳ ಹಾಗಾಯಿತು. "ಗದ್ದಕ್ಕ ಕೈ ಹಚ್ಚಿ ಕೂಡಬ್ಯಾಡ" ಎಂದು ಅವ್ವ ಬೈಯುತ್ತಿದ್ದಳು. ಬೇರೆ ಮಕ್ಕಳಿಗೆ ಅವರ ಅವ್ವಂದಿರು ಹಾಗೆ ಹೇಳುವುದು ಮನೆಗೆ ಒಳ್ಳೆಯದಲ್ಲ ಎಂಬ ಕಾರಣಕ್ಕೆ. ನನಗೆ ಹೇಳುವುದು ಕೈ ನೋಯುತ್ತದೆ ಎಂಬ ಕಾರಣಕ್ಕೆ ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಮದುವೆಯಾಗಿ ಬೆಂಗಳೂರಿನ ಈ ಮೂಲೆಗೆ ಬಂದೆ. ಯಜಮಾನರಿಗೆ ಹೊಸಕೋಟೆ ಕಡೆಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ, ನನಗೆ ಶಾಲೆ. ವರ್ತೂರಿನಲ್ಲಿ ಮುನಿರಾಜಣ್ಣನವರ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಕೆರೆಯ ಕಡೆಗೆ ಕಿಟಕಿ ಇದೆ ಎಂದು ಬಾಡಿಗೆಗೆ ಹಿಡಿದೆವು. ಕೆರೆ ನಾರುತ್ತದೆ, ಹಾಗಾಗಿ ಕೆರೆಯ ಕಡೆಗೆ ಇದೆ ಎಂಬ ಕಾರಣಕ್ಕೇ ಆ ಕಿಟಕಿಯನ್ನು ತೆರೆಯುವುದಿಲ್ಲ. ಕಟ್ಟಡ ನಿಂತಿರುವುದು ಮುನಿರಾಜಣ್ಣನವರ ತಂದೆ ದೊಡ್ಡಮುನಿಯಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ನನ್ನ ಅಡುಗೆಮನೆ ಇರುವ ಕಡೆ ಅವರೆಕಾಯಿ ಸಾಲು ಇತ್ತಂತೆ. ಕುಕ್ಕರ್ ಇಡುವಾಗ ಒಮ್ಮೊಮ್ಮೆ ನೆನಪಾಗುತ್ತದೆ.

ಈ ದೊಡ್ಡಮುನಿಯಪ್ಪನವರದು ಒಂದೂ ಫೋಟೊ ಇಲ್ಲ. ಫೋಟೊ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವರಿಗೆ ಭಯ. ಹಾಗಿದ್ದೂ ಆಯಸ್ಸು ಕಮ್ಮಿಯೇ ಆಯಿತು, ಮುನಿರಾಜಣ್ಣ ಅವರ ಸೊಂಟದೆತ್ತರಕ್ಕಿದ್ದಾಗಲೇ ತೀರಿಕೊಂಡರು. ಯಾರದೋ ಮದುವೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ತೆಗೆದ ಒಂದು ಚಿತ್ರವಿದೆ. ಕ್ಯಾಮೆರಾ ಕ್ಲಿಕ್ ಎನ್ನುವ ಹೊತ್ತಿಗೆ ಅವರು ಪಕ್ಕಕ್ಕೆ ಸರಿದುಬಿಟ್ಟರಂತೆ. ಚಿತ್ರದ ಅಂಚಿನಲ್ಲಿ ಅವರ ಮೊಣಕೈ ಮಾತ್ರ ಉಳಿದಿದೆ. ಮನೆಯವರು ಆ ಮೊಣಕೈಯನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನೆಲಮಹಡಿಯ ತಮ್ಮ ಮನೆಯ ಹಾಲಿನಲ್ಲಿ ತೂಗುಹಾಕಿದ್ದಾರೆ. ಮಹಾಲಯ ಅಮಾವಾಸ್ಯೆಯ ದಿನ ಮೊಣಕೈಗೆ ಕುಂಕುಮವಿಟ್ಟು, ಹಾರ ಹಾಕಿ, ವಡೆ ಪಾಯಸ ಎಡೆಯಿಡುತ್ತಾರೆ. ಮೊದಲ ಸಲ ನೋಡಿದಾಗ ಅದು ಯಾವುದೋ ದೇವರ ಪಾದವಿರಬೇಕೆಂದು ನಾನೂ ಕೈಮುಗಿದಿದ್ದೆ.

ಆ ಮನೆಯಲ್ಲಿ ನನಗೆ ಬೇಕಾದವರೆಂದರೆ ಅಕ್ಕಯಮ್ಮಜ್ಜಿ, ದೊಡ್ಡಮುನಿಯಪ್ಪನವರ ಹೆಂಡತಿ. ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾರೆ. ನನ್ನ ಚಪ್ಪಲಿ ಸದ್ದಿಗೇ "ಟೀಚರಮ್ಮ, ಬಂದ್ಯಾ" ಅನ್ನುತ್ತಾರೆ. ಅವರ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಉಳಿದಿರುವುದೂ ಹೆಚ್ಚು ದಿನ ಇರುವುದಿಲ್ಲ, ಇದು ಆಪರೇಷನ್ ಮಾಡಿದರೆ ವಾಪಸು ಬರುವ ಜಾತಿಯದಲ್ಲ ಎಂದು ಡಾಕ್ಟರು ಹೇಳಿದ್ದರು. ಅಜ್ಜಿ ಅದಕ್ಕೆ ಅಳಲಿಲ್ಲ. ಒಂದೇ ಒಂದು ಕೇಳಿದರು. "ಕಣ್ಣು ಪೂರಾ ಓಗಕ್ಕೆ ಮುಂಚೆ ಆವಯ್ಯನ್ನ ಒಂದ್ ಸಲ ನೋಡ್ಬುಟ್ರೆ ಸಾಕು ಕಣವ್ವ. ಮೊಣಕೈ ನೋಡಿ ನೋಡಿ ಸಾಕಾಗ್ಬುಟ್ಟದೆ."

ತಾಯಿಯ ಮಾತು ಮುನಿರಾಜಣ್ಣನವರ ಮನಸ್ಸಿಗೆ ನಾಟಿತು. ಪಿ.ಜಿ. ಹುಡುಗರಿಗೆಂದು ಕಟ್ಟಿಸುತ್ತಿದ್ದ ಹೊಸ ಕಟ್ಟಡಕ್ಕೆ 'ದೊಡ್ಡಮುನಿಯಪ್ಪ ನಿಲಯ' ಎಂದು ಹೆಸರು ಆಗಲೇ ಇಟ್ಟಾಗಿತ್ತು. ಗೇಟಿನ ಹತ್ತಿರ ಅಪ್ಪನ ಕಲ್ಲಿನ ಮೂರ್ತಿ ನಿಲ್ಲಿಸುವುದೆಂದು ನಿಶ್ಚಯಿಸಿದರು. ಪಕ್ಕದ ಬೀದಿಯ ಓನರು ತಮ್ಮ ಅಪ್ಪನನ್ನು ನಿಲ್ಲಿಸಿದ್ದೂ ಒಂದು ಕಾರಣ ಇರಬಹುದು, ನಾನು ಕೇಳಲು ಹೋಗಲಿಲ್ಲ. ಶಿವಾರಪಟ್ಟಣದ ವೀರಾಚಾರ್ ಎಂಬ ಶಿಲ್ಪಿಗೆ ಫೋನು ಮಾಡಿದರು. ಫೋಟೊ ಇಲ್ಲ ಅಂದಾಗ ಆಚಾರರು, "ಏನಾದ್ರೂ ನೋಡ್ಕೊಂಡು ಮಾಡ್ಬೇಕಲ್ಲ ಸಾರ್. ಅವ್ರನ್ನ ಹೋಲೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ" ಅಂದರಂತೆ.

ಹೋಲುವವರು ಇಡಿಯಾಗಿ ಯಾರೂ ಇರಲಿಲ್ಲ. ಬಿಡಿಯಾಗಿ ಇದ್ದರು. ಮುನಿರಾಜಣ್ಣನವರ ತಮ್ಮ ನಾರಾಯಣಸ್ವಾಮಿ, ಅಪ್ಪನ ಮೂಗು ತನ್ನದೇ ಎಂದು ಸಾಧಿಸಿದರು. ಮಗುವಾಗಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಆ ಮೂಗು ಹಿಡಿದೆಳೆದದ್ದು ಅವರಿಗೆ ನೆನಪಿತ್ತು. ಸರ್ಜಾಪುರದಲ್ಲಿರುವ ಸೋದರತ್ತೆಯ ಮಗ ಪಿಳ್ಳಣ್ಣ, ಮಾವನ ಹೆಗಲ ಮೇಲೆ ಕೂತು ಕಿವಿ ಹಿಡಿದುಕೊಂಡು ಊರು ಸುತ್ತಿದವರು. ಕಿವಿಯ ವಿಷಯದಲ್ಲಿ ತನ್ನ ಮಾತೇ ಕೊನೆ ಅಂದರು, ಅಂಥ ಕಿವಿಯೂ ಅವರಿಗಿತ್ತು. ಹಣೆ ಹಿರಿಯ ಮಗನದೇ ಇರಬೇಕೆಂದು ಮುನಿರಾಜಣ್ಣ ತಾವೇ ತೀರ್ಮಾನಿಸಿಕೊಂಡರು. ಗದ್ದ ಮಾತ್ರ ಇಡೀ ವಂಶದಲ್ಲಿ ಎಲ್ಲಿಯೂ ಸಿಗಲಿಲ್ಲ. ಮಕ್ಕಳು ಮೊಮ್ಮಕ್ಕಳೆಲ್ಲ ಅಜ್ಜಿಯ ಪುಟ್ಟ ಗದ್ದ ಹೊತ್ತು ಹುಟ್ಟಿದ್ದರು.

ಇಂಥ ಸಮಯದಲ್ಲಿ, ನೀರಿನ ಟ್ಯಾಂಕರ್ ಬಂದಿಲ್ಲವೆಂದು ಜಗಳವಾಡಲು ನಾನು ಮೆಟ್ಟಿಲಿಳಿದು ಹೋದೆ. ಮುನಿರಾಜಣ್ಣ ಕೆಳಗೆ ನಿಂತಿದ್ದರು, ನಾನು ನಾಲ್ಕು ಮೆಟ್ಟಿಲು ಮೇಲೆ. ಜಗಳವಾಡುವಾಗ ನಾನು ತಲೆ ಎತ್ತಿಕೊಂಡು ಮಾತಾಡುತ್ತೇನಂತೆ. ಅವರು ಕೆಳಗಿಂದ ನನ್ನನ್ನೇ ನೋಡುತ್ತ ಬಾಯಿ ಬಿಟ್ಟರು.

"ಮೇಡಂ, ಅಂಗೇ ನಿಂತ್ಕಳಿ. ಅಳ್ಳಾಡ್ಬೇಡಿ."

ತಲೆಯ ಮೇಲೆ ಹಲ್ಲಿ ಬಿದ್ದಿದೆ ಎಂದುಕೊಂಡು ನಾನು ಕಲ್ಲಾದೆ. ಅವರು ಮನೆಯ ಕಡೆ ತಿರುಗಿ ಕೂಗಿದರು. "ಲೇ ನಾರಾಯಣ, ಓಡ್ಬಾರೋ! ಅಪ್ಪನ ಗದ್ದ ಸಿಕ್ಬುಡ್ತು!"

ಸೊಂಟದೆತ್ತರದ ಹುಡುಗನಾಗಿದ್ದಾಗ ಅವರಿಗೆ ಅಪ್ಪ ಅಂದರೆ ಕೆಳಗಿಂದ ಕಂಡ ಗದ್ದ. ಅದೇ ಈಗ ಮೆಟ್ಟಿಲ ಮೇಲೆ ನಿಂತು ಟ್ಯಾಂಕರ್ ಕೇಳುತ್ತಿತ್ತು. ಅವರ ಕಣ್ಣಲ್ಲಿ ನಿಜವಾಗಿ ನೀರು ಬಂತು. ನನ್ನ ಗದ್ದ ನೋಡಿ ಯಾರಾದರೂ ಸಂತೋಷಪಟ್ಟಿದ್ದು ಅದೇ ಮೊದಲು, ಹಾಗಾಗಿ ಒಲ್ಲೆ ಅನ್ನಲು ನನ್ನಿಂದ ಆಗಲಿಲ್ಲ. ಯಜಮಾನರು ಸುದ್ದಿ ಕೇಳಿ ಊಟ ಬಿಟ್ಟು ನಕ್ಕರು. "ಹೋಗಿ ಬಾ ಮಾರಾಯ್ತಿ. ನಿನ್ನ ಗದ್ದಕ್ಕ ಇದಕ್ಕಿಂತ ದೊಡ್ಡ ಮರ್ಯಾದಿ ಎಲ್ಲಿ ಸಿಗತೈತಿ?"

ಆ ಭಾನುವಾರ ಬೆಳಿಗ್ಗೆ ಟೆಂಪೊ ಟ್ರಾವೆಲರ್ ಹೊರಟಿತು. ಒಪ್ಪಿಗೆ ಕೊಡಬೇಕಾದವರು ಅಜ್ಜಿಯೇ ಆದ್ದರಿಂದ ಅವರನ್ನು ಮುಂದಿನ ಸೀಟಿನಲ್ಲಿ ದಿಂಬು ಇಟ್ಟು ಕೂರಿಸಿದ್ದರು. ಅವರು 'ಹೌದು, ಇದೇ ಮುಖ' ಅಂದರೆ ಮಾತ್ರ ಕಲ್ಲಿಗೆ ಉಳಿ ಇಡುವುದೆಂದು ಮಾತಾಗಿತ್ತು. ಅಜ್ಜಿ ಮದುವೆಮನೆಗೆ ಹೊರಟವರ ಹಾಗೆ ಅಂಚಿನ ಸೀರೆ ಉಟ್ಟು, ಇಷ್ಟು ವರ್ಷ ಮುಟ್ಟದಿದ್ದ ಕನಕಾಂಬರವನ್ನು ಮುಡಿಗೆ ಇಟ್ಟುಕೊಂಡಿದ್ದರು.

ನಮ್ಮ ಪ್ರಯಾಣ ಮನುಷ್ಯರ ಪ್ರಯಾಣದ ಹಾಗಿರಲಿಲ್ಲ, ಬಿಡಿಭಾಗಗಳ ಸಾಗಾಣಿಕೆಯ ಹಾಗಿತ್ತು. ನಾರಾಯಣಸ್ವಾಮಿಯವರಿಗೆ ಹಿಂದಿನ ದಿನವೇ ನೆಗಡಿ ಹಿಡಿದು ಮೂಗು ಬದನೆಕಾಯಿಯಾಗಿತ್ತು. "ಇವತ್ತೇ ಬೇಕಿತ್ತೇನೋ ನಿಂಗೆ ಸೀತ? ಅಪ್ಪನ ಮೂಗು ಇಂಗಿತ್ತೇನೋ?" ಎಂದು ಅಣ್ಣ ದಾರಿಯುದ್ದಕ್ಕೂ ಬೈದರು. ತಮ್ಮ ಪ್ರತಿ ಸಲ ಸೀನಿದಾಗಲೂ ಅಣ್ಣನಿಗೆ ಅಪ್ಪ ಇನ್ನೊಂದಿಷ್ಟು ಊದಿದ ಹಾಗೆ ಕಾಣುತ್ತಿತ್ತು. ಸರ್ಜಾಪುರದಲ್ಲಿ ಪಿಳ್ಳಣ್ಣ ಹತ್ತಿದರು. ಬೇಸಿಗೆಯ ಬಿಸಿಲಿನಲ್ಲಿ ಉಣ್ಣೆಯ ಮಫ್ಲರು ಕಟ್ಟಿಕೊಂಡಿದ್ದರು. ಕಿವಿಗೆ ಗಾಳಿ ತಾಗಬಾರದಂತೆ. ನಾನು ಕಿಟಕಿಯ ಪಕ್ಕ ಕೂತರೆ, "ಮೇಡಂ, ಒಳಕ್ಕೆ ಬನ್ನಿ, ಗದ್ದಕ್ಕೆ ಧೂಳು ಒಡೀತದೆ" ಎಂದು ಮುನಿರಾಜಣ್ಣ ಎಬ್ಬಿಸಿದರು. ಚಿಕ್ಕತಿರುಪತಿಯ ಹತ್ತಿರ ಇಡ್ಲಿ ತಿನ್ನಲು ಇಳಿದಾಗಲೂ ಅವರು ನನ್ನೆದುರೇ ಕೂತರು.

"ದೊಡ್ ದೊಡ್ಡ ತುತ್ತು ಬ್ಯಾಡ ಮೇಡಂ. ಅಗ್ದಾಗ ಅದು ಆ ಕಡೆ ಈ ಕಡೆ ಓಯ್ತದೆ."

"ಮುನಿರಾಜಣ್ಣ, ಗದ್ದ ನಂದು ಕಣ್ರೀ."

"ಇವತ್ತೊಂದಿನ ನಮ್ದು ಅನ್ಕಳಿ" ಅಂದರು ಅವರು ದೈನ್ಯದಿಂದ. ಓನರು ಬಾಡಿಗೆದಾರರನ್ನು ಹಾಗೆ ಬೇಡುವುದು ಬೆಂಗಳೂರಿನಲ್ಲಿ ದಿನಾ ಕಾಣುವ ನೋಟವಲ್ಲ. ನಾನು ಇಡ್ಲಿಯನ್ನು ಚೂರು ಚೂರು ಮಾಡಿ ನುಂಗಿದೆ.

ಶಿವಾರಪಟ್ಟಣ ಸೇರಿದಾಗ ಊರಿನ ಗಾಳಿಯಲ್ಲೇ ಕಲ್ಲಿನ ಪುಡಿ ಇತ್ತು. ಮನೆಮನೆಯ ಮುಂದೆಯೂ ದೇವರು. ಅರ್ಧ ಬಂದ ಗಣಪತಿಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಒಂದು ಆಂಜನೇಯನ ಬೆನ್ನಿನ ಮೇಲೆ ಯಾರೋ ಅಂಗಿ ಒಣಗಹಾಕಿದ್ದರು. ಒಂದು ಕಡೆ ಉಳಿಯ ಟಕ ಟಕ, ಇನ್ನೊಂದು ಕಡೆ ಕಲ್ಲು ಕೊಯ್ಯುವ ಮಿಷನ್ನಿನ ಚೀರಾಟ. ವೀರಾಚಾರ್ ಅಂಗಳದಲ್ಲಿ ಒಂದು ಲಕ್ಷ್ಮಿಯ ಕೈಬೆರಳು ತೀಡುತ್ತ ಕೂತಿದ್ದರು. ರೆಪ್ಪೆಗಳವರೆಗೂ ಬಿಳಿ ಪುಡಿ. ನಾವು ಒಬ್ಬೊಬ್ಬರಾಗಿ ಇಳಿದು ಯಾರು ಯಾವ ಭಾಗ ಎಂದು ಪರಿಚಯ ಮಾಡಿಕೊಂಡೆವು. ಅವರು ಉಳಿ ಕೆಳಗಿಟ್ಟು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

"ದೇವ್ರು ಮಾಡೋದು ಸುಲಭ ಸಾರ್. ಮುಖಕ್ಕೆ ಇಷ್ಟು, ಕತ್ತಿಗೆ ಇಷ್ಟು ಅಂತ ಅಳತೆ ಐತೆ. ಮುಖ ಹೋಲಲ್ಲ ಅಂತ ಇದುವರ್ಗೂ ಯಾರೂ ದೇವ್ರನ್ನ ವಾಪಸ್ ತಂದಿಲ್ಲ. ಮನುಷ್ಯರದೇ ತಾಪತ್ರಯ."

ಮೊದಲು ಜೇಡಿಮಣ್ಣಿನಲ್ಲಿ ಮಾಡುವುದು, ಒಪ್ಪಿದ ಮೇಲೆ ಕಲ್ಲು. ಆಚಾರರು ತಿರುಗುಹಲಗೆಯ ಮೇಲೆ ಒದ್ದೆಮಣ್ಣಿನ ದೊಡ್ಡ ಉಂಡೆ ತಂದು ಇಟ್ಟು ನಾದತೊಡಗಿದರು. ಆ ವಾಸನೆಗೆ ನನಗೆ ನಮ್ಮೂರಿನ ಮಣ್ಣೆತ್ತಿನ ಅಮಾವಾಸ್ಯೆ ನೆನಪಾಯಿತು. ಹಬ್ಬಕ್ಕೆ ಮಕ್ಕಳೆಲ್ಲ ಹಳ್ಳದಿಂದ ಮಣ್ಣು ತಂದು ಎತ್ತು ಮಾಡುತ್ತಿದ್ದೆವು. ಜೋಳದ ಕಾಳಿನ ಕಣ್ಣು, ಕಡ್ಡಿಯ ಕೊಂಬು. ನನ್ನ ಎತ್ತುಗಳು ಒಂದು ವರ್ಷವೂ ಎತ್ತಿನ ಹಾಗೆ ಬರಲಿಲ್ಲ. ಅವ್ವ ಅವನ್ನು ಬೇರೆಯವರ ಎತ್ತುಗಳ ಹಿಂದೆ ನಿಲ್ಲಿಸಿ, "ಇವು ಹಂದಿ ಇರಲಿ ಬಿಡು, ಹೊಲಕ್ಕ ಅವೂ ಬರತಾವಲ್ಲ" ಎಂದು ಪೂಜೆ ಮಾಡಿಬಿಡುತ್ತಿದ್ದಳು. ಅಂಥ ಅವ್ವ ಎಲ್ಲರಿಗೂ ಸಿಗಲಿ.

ಕೆಲಸ ಶುರುವಾಯಿತು. ಮೊದಲು ಹಣೆ. ಮುನಿರಾಜಣ್ಣ ಎದೆಯುಬ್ಬಿಸಿ ಸ್ಟೂಲಿನ ಮೇಲೆ ಕೂತರು. ಅವರಿಗೆ ಕೂದಲು ಉದುರಿ ಬಹಳ ಕಾಲವಾಗಿದೆ. ಆಚಾರರು ಎಡಕ್ಕೂ ಬಲಕ್ಕೂ ಬಾಗಿ ನೋಡಿ, "ಹಣೆ ಎಲ್ಲಿಗೆ ಮುಗೀತದೆ ಸಾರ್?" ಎಂದು ವಿನಯವಾಗಿಯೇ ಕೇಳಿದರು. ಪಿಳ್ಳಣ್ಣ ಮಫ್ಲರಿನೊಳಗೆ ನಕ್ಕರು. ಮೂಗಿನ ಸರದಿಯಲ್ಲಿ ನಾರಾಯಣಸ್ವಾಮಿ ಸೀನಿದರು, ಹಸಿಮಣ್ಣಿನ ಕೆನ್ನೆಯ ಮೇಲೆ ಸಿಡುಬಿನ ಕಲೆಗಳೆದ್ದವು. ಕಿವಿಗಳು ಮಾತ್ರ ತಕರಾರಿಲ್ಲದೆ ಬಂದವು, ಆದರೆ ಅವು ಪಿಳ್ಳಣ್ಣನವರ ತಲೆಗೆ ಸರಿಯಾದ ಕಿವಿಗಳು. ಈ ತಲೆಗೆ ಕೂರಿಸಿದಾಗ ಹಾರಲು ಸಿದ್ಧವಾಗಿರುವ ಹಾಗೆ ಕಂಡವು.

ಕಣ್ಣಿಗೆ ಯಾರೂ ಬಂದಿರಲಿಲ್ಲ. ಅಪ್ಪನ ಕಣ್ಣು ಹೇಗಿತ್ತೆಂದು ಗಂಡುಮಕ್ಕಳಿಬ್ಬರಿಗೂ ನೆನಪಿಲ್ಲ. ಆ ಕಣ್ಣನ್ನು ನೋಡಿ ಮಾತಾಡುವ ಧೈರ್ಯ ಆಗ ಯಾರಿಗೂ ಇರಲಿಲ್ಲವಂತೆ. ಮುನಿರಾಜಣ್ಣ ಸ್ವಲ್ಪ ಯೋಚಿಸಿ ಉಪಾಯ ಹೇಳಿದರು. "ಕೂಲಿಂಗ್ ಗ್ಲಾಸ್ ಆಕ್ಬುಡಿ ಆಚಾರ್ರೇ. ಸ್ಟೈಲಾಗೂ ಇರ್ತದೆ."

"ಸಾವ್ರದ ಒಂಬೈನೂರ ಎಪ್ಪತ್ತರ ಕಾಲದ ರಾಗಿ ರೈತ ಕಣೋ ನಿಮ್ಮಪ್ಪ" ಎಂದರು ಪಿಳ್ಳಣ್ಣ. ಅಲ್ಲಿಂದ ಜಗಳ ಹತ್ತಿಕೊಂಡಿತು. ಗ್ಲಾಸು ಬೇಡವಾದರೆ ಕಣ್ಣು ಮುಚ್ಚಿರಲಿ ಎಂದು ಒಬ್ಬರು, ಮುಚ್ಚಿದರೆ ಗೇಟಿನ ಹತ್ತಿರ ನಿದ್ದೆ ಹೊಡೆಯುವ ವಾಚ್‌ಮನ್ ಅನ್ನುತ್ತಾರೆ ಎಂದು ಇನ್ನೊಬ್ಬರು. ಅವರು ಕೂಗಾಡುತ್ತಿರುವಾಗ ಆಚಾರರು ನನ್ನನ್ನು ನೆರಳಿಗೆ ಕರೆದು ಕೂರಿಸಿ, ಗದ್ದದ ಕುಳಿ ಕಲ್ಲಿನಲ್ಲಿ ಹೇಗೆ ಬರುತ್ತದೋ ನೋಡೋಣ ಎಂದು ಬಳಪದ ಕಲ್ಲಿನ ತುಂಡೊಂದನ್ನು ತೀಡಿದರು. ಈಗ ನನ್ನ ಮೇಜಿನ ಮೇಲಿರುವುದು ಅದೇ. "ಒಳ್ಳೆ ಗದ್ದ ಮೇಡಂ. ಉಳಿಗೆ ಸಿಗ್ತದೆ" ಅಂದರು. ಮದುವೆಯ ದಿನವೂ ಇಂಥ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುಖ ಮುಗಿಯಿತು. ಕಣ್ಣನ್ನು ಅರ್ಧ ಮುಚ್ಚಿಸಿ ರಾಜಿ ಮಾಡಿದ್ದರು. ಎಲ್ಲರೂ ದೂರ ನಿಂತು ನೋಡಿದೆವು. ಹಣೆ ಸರಿ, ಮೂಗು ಸರಿ, ಕಿವಿ ಸರಿ, ಗದ್ದವಂತೂ ಅಚ್ಚು ಹೊಡೆದ ಹಾಗೆ. ಒಟ್ಟಾಗಿ ಅದು ಭೂಮಿಯ ಮೇಲೆ ಎಲ್ಲಿಯೂ ಹುಟ್ಟಿರದ ಒಬ್ಬ ಆಸಾಮಿ. ಇನ್ನೇನು ಸಾಲ ಕೇಳಲಿದ್ದಾನೆ ಅನ್ನುವ ಹಾಗೆ ನಮ್ಮನ್ನೇ ನೋಡುತ್ತಿದ್ದ.

"ಇದು ನಮ್ಮಪ್ಪ ಅಲ್ಲ" ಅಂದರು ಮುನಿರಾಜಣ್ಣ ಕೊನೆಗೆ.

"ಮೂಗು ನಮ್ಮಪ್ಪಂದೇ" ಅಂದರು ನಾರಾಯಣಸ್ವಾಮಿ.

ಅಷ್ಟರಲ್ಲಿ ವೈಟ್‌ಫೀಲ್ಡಿನಿಂದ ಕಾರಿನಲ್ಲಿ ಬಂದ ಗಂಡಹೆಂಡತಿ ಅಂಗಳಕ್ಕೆ ಕಾಲಿಟ್ಟರು. ಅವರ ವಿಲ್ಲಾದ ಗಾರ್ಡನ್ನಿಗೆ ಒಂದು ಬುದ್ಧನ ತಲೆ ಬೇಕಿತ್ತಂತೆ. ಹೆಂಡತಿ ಜೇಡಿಮಣ್ಣಿನ ಮುಖದ ಎದುರು ನಿಂತುಬಿಟ್ಟರು. "ವಾವ್, ಎಷ್ಟು ಪೀಸ್‌ಫುಲ್ ಆಗಿದೆ! ಇದು ಯಾವ ಗಾಡ್? ನಮ್ಗೆ ಬುದ್ಧ ಬೇಡ, ಇದೇ ಕೊಡಿ." ಒಪ್ಪಿಗೆಯಾಗದ ಮಣ್ಣನ್ನು ಏನು ಮಾಡುವುದೆಂದು ಕೂತಿದ್ದ ಆಚಾರರ ಮುಖ ಅರಳಿತು. ಮುನಿರಾಜಣ್ಣ ಮುಖಕ್ಕೆ ಅಡ್ಡ ನಿಂತು ಎರಡೂ ಕೈ ಚಾಚಿದರು. "ಅಪ್ಪನ್ನ ಮಾರಾಕಿಲ್ಲ ಮೇಡಂ!" ಇದು ಅಪ್ಪ ಅಲ್ಲ ಎಂದು ಅವರು ಹೇಳಿ ಐದು ನಿಮಿಷವೂ ಆಗಿರಲಿಲ್ಲ. ದಂಪತಿ ಕ್ಷಮೆ ಕೇಳಿ, ಹಿಂದಿರುಗಿ ನೋಡುತ್ತಲೇ ಹೋದರು.

ಇನ್ನು ಉಳಿದದ್ದು ಅಜ್ಜಿ. ಅಷ್ಟು ಹೊತ್ತೂ ಅವರು ಹೊಂಗೆಮರದ ಕೆಳಗೆ ಕೂತು, ಕರೆಯುವುದನ್ನೇ ಕಾಯುತ್ತಿದ್ದರು. ನಾನು ಕೈಹಿಡಿದು ಕರೆತಂದೆ. ಇಷ್ಟು ಹೊತ್ತು ನಕ್ಕಿದ್ದ ನನಗೆ ಆಗ ಚಿಂತೆ ಹತ್ತಿತು. ಈ ಮುಖ ಅಲ್ಲ ಎಂದುಬಿಟ್ಟರೆ ಇನ್ನೊಂದು ಮುಖ ತರುವುದೆಲ್ಲಿಂದ? ಅಷ್ಟರವರೆಗೆ ಆ ಕಣ್ಣು ಕಾಯಬೇಕಲ್ಲ? ಅಜ್ಜಿ ಬಲಗಣ್ಣನ್ನು ಮಣ್ಣಿಗೆ ತಾಗುವಷ್ಟು ಹತ್ತಿರ ತಂದು, ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು.

"ಯಾರಪ್ಪ ಇವ್ನು?" ಎಂದರು ಅಜ್ಜಿ.

ಮುನಿರಾಜಣ್ಣ ತಾಯಿಯ ಎದುರು ಕುಕ್ಕರಗಾಲಿನಲ್ಲಿ ಕೂತರು. "ನೀನೇ ಯೋಳಮ್ಮ. ಅಪ್ಪನ ಮಖ ಎಂಗಿತ್ತು? ನೀನು ಯೋಳ್ದಂಗೆ ಮಾಡುಸ್ತೀನಿ."

ಅಜ್ಜಿ ನನ್ನ ಕಡೆ ತಿರುಗಿದರು. ಮಗನಿಗಲ್ಲ, ನನಗೆ ಹೇಳಿದರು. "ನಂಗೆ ಗ್ಯಾಪ್ಕ ಇಲ್ಲ ಕಣವ್ವ. ಮಖ ನಾನೆಲ್ಲಿ ನೋಡ್ದೆ? ಒತ್ತು ಮೂಡಕ್ಕೆ ಮುಂಚೆ ಒಲಕ್ಕೆ ಓಗದು. ಆವಯ್ಯ ಮುಂದೆ, ನಾನು ಮಂಕ್ರಿ ಒತ್ಕೊಂಡು ಇಂದೆ. ಬರೋವಾಗ್ಲೂ ಅಂಗೇಯ, ಕತ್ಲಾಗಿರದು. ಉಣ್ಣಾಕಿಕ್ಕುವಾಗ ತಲೆ ಬಗ್ಸಿರ್ತಿದ್ದೆ, ಅತ್ತೆ ಇರೋರು. ನೀವೆಲ್ಲ ಮೂಗು ಅಂತೀರ, ಗದ್ದ ಅಂತೀರ. ನಂಗೆ ಬೆನ್ನು ಗೊತ್ತು ಕಣವ್ವ."

ಆಚಾರರು ಎದ್ದು ಬಂದರು. ತಿರುಗುಹಲಗೆಯನ್ನು ಮೆಲ್ಲಗೆ ತಿರುಗಿಸಿದರು. ಆ ಮುಖ ಆಚೆ ಹೋಯಿತು. ಹಿಂಬದಿಯಲ್ಲಿ ಅದುವರೆಗೂ ಯಾರೂ ಮುಟ್ಟಿರದ ಮಣ್ಣಿನ ಗುಡ್ಡೆ ಇತ್ತು. ಅದಕ್ಕೆ ಇನ್ನಷ್ಟು ಮಣ್ಣು ಸೇರಿಸಿ, ಹೆಗಲು ಬೆನ್ನು ಮಾಡಿ, ಅಜ್ಜಿಯ ಎರಡೂ ಕೈ ಹಿಡಿದು ಅದರ ಮೇಲೆ ಇಟ್ಟರು.

"ಈ ಬಲಗಡೆ ಹೆಗಲು ಇಳೀಬೇಕು" ಅಂದರು ಅಜ್ಜಿ. "ನೇಗ್ಲು ಒರ್ತಿದ್ದ ಹೆಗ್ಲು." ಆಚಾರರು ಇಳಿಸಿದರು. "ಇನ್ನೂ ಒಸಿ." ಇನ್ನೂ ಇಳಿಸಿದರು. ಕತ್ತಿನ ಹಿಂದೆ ಎರಡು ಗೆರೆ. ಕೂದಲು ನಿಲ್ಲುವ ಕಡೆ ಒಂದು ಸುಳಿ. ಕತ್ತಿನ ಕೆಳಗೆ, ಎಡಕ್ಕೆ, ಎತ್ತು ಕೊಂಬಿನಲ್ಲಿ ಹಾಯ್ದ ಗಾಯದ ಗಂಟು. ಹಾಗೊಂದು ಗಾಯವಿತ್ತೆಂಬುದೇ ಗಂಡುಮಕ್ಕಳಿಗೆ ಗೊತ್ತಿರಲಿಲ್ಲ. ಎಡಹೆಗಲ ಮೇಲಿಂದ ಇಳಿಬಿದ್ದ ಟವೆಲ್ಲಿನ ತುದಿ ಎಲ್ಲಿಗೆ ಬರಬೇಕೆಂದು ಅಜ್ಜಿ ಬೆರಳಿಟ್ಟು ತೋರಿಸಿದರು. ಒಮ್ಮೆಯೂ ಯೋಚಿಸಲಿಲ್ಲ, ತಡವರಿಸಲಿಲ್ಲ. ಬೆಳಿಗ್ಗೆಯಿಂದ ಕಚ್ಚಾಡುತ್ತಿದ್ದ ಮೂವರು ಗಂಡಸರು ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ನಿಂತಿದ್ದರು.

"ಅಲ್ಲಮ್ಮ, ಬೆನ್ನು ತೋರ್ಸಿ ನಿಲ್ಸುದ್ರೆ ಜನ ಏನಂತಾರೆ?" ಎಂದು ಮುನಿರಾಜಣ್ಣ ಒಂದು ಸಲ ಗೊಣಗಿದ್ದು ನಿಜ. ಈಗ ನೀವು ನಮ್ಮ ಬೀದಿಗೆ ಬಂದರೆ ನೋಡಬಹುದು. ಪಿ.ಜಿ.ಯ ಗೇಟಿನ ಹತ್ತಿರ ಕಲ್ಲಿನ ಮನುಷ್ಯನೊಬ್ಬ ರಸ್ತೆಗೆ ಬೆನ್ನು ಹಾಕಿ ನಿಂತಿದ್ದಾನೆ. ಮುಂದುಗಡೆ ಕೆತ್ತದೆ ಬಿಟ್ಟ ಬರೀ ಕಲ್ಲು. ಊಟ ತಲುಪಿಸಲು ಬರುವ ಹುಡುಗರು ಯಾರೋ ಗೋಡೆಯ ಹತ್ತಿರ ನಿಂತಿದ್ದಾರೆಂದು, "ಅಣ್ಣಾ, ಸೆಕೆಂಡ್ ಫ್ಲೋರ್ ಯಾವ ಕಡೆ?" ಎಂದು ಅದನ್ನೇ ಕೇಳುತ್ತಾರೆ. ಉತ್ತರ ಬರದಿದ್ದಾಗ ಬೈದುಕೊಂಡೂ ಹೋಗುತ್ತಾರೆ. ಪಕ್ಕದ ಬೀದಿಯ ಓನರು, ಮೂರ್ತಿಯನ್ನು ಉಲ್ಟಾ ಇಟ್ಟಿದ್ದೀರಿ ಎಂದು ಎರಡು ಸಲ ಬಂದು ತಿಳಿಸಿ ಹೋದರು.

ಅದೆಲ್ಲ ಆಮೇಲಿನ ಮಾತು. ಅವತ್ತು ಕೆಲಸ ಮುಗಿದಾಗ ಬಿಸಿಲು ಇಳಿದಿತ್ತು. ಆಚಾರರು ಒದ್ದೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಪಕ್ಕಕ್ಕೆ ಸರಿದರು. ಅಜ್ಜಿ 'ಹೌದು' ಅನ್ನಲಿಲ್ಲ, 'ಇವ್ರೇ' ಅನ್ನಲಿಲ್ಲ. ನನ್ನ ಕೈ ಬಿಟ್ಟು, ಮಣ್ಣಾದ ಕೈಯಿಂದಲೇ ತಲೆಯ ಮೇಲೆ ಸೆರಗು ಎಳೆದುಕೊಂಡರು. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು, ಅಲ್ಲಿಂದ ಆ ಬೆನ್ನನ್ನು ನೋಡಿದರು. ಮುಖದಲ್ಲಿ ನಗು ಬಂತೋ ಸಿಟ್ಟು ಬಂತೋ ನನಗೆ ತಿಳಿಯಲಿಲ್ಲ.

"ಒಸಿ ಮೆಲ್ಲಕ್ಕೆ ನಡೀಬಾರ್ದಾ?" ಎಂದರು ಅದಕ್ಕೆ. "ನಾನೂ ಬತ್ತಾ ಇವ್ನಿ."